ಏಣಿ ಹತ್ತದ ಆಡಿಟರ್

ನನ್ನ ಭಾವನಷ್ಟು ಪುಕ್ಕಲು ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವರು, ಊರಿನಲ್ಲಿ ಹೆಸರಿದ್ದ ಆಡಿಟರ್. ಹಾಗೆಲ್ಲ ಅನ್ನಬಾರದು ಎಂದು ಅಕ್ಕ ಗದರುತ್ತಾಳೆ. ಆದರೆ ಭಾವ ಮಲಗುವ ಮುಂಚೆ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿ, ಹಾಸಿಗೆಯವರೆಗೆ ಬಂದು, ಮತ್ತೆ ಎದ್ದುಹೋಗಿ ನೋಡುವುದನ್ನು ನಕ್ಕು ನಕ್ಕು ಹೇಳಿದವಳು ಅವಳೇ. ನಾಯಿ ಕಂಡರೆ ಅವರು ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಉಸಿರು ಬಿಗಿಹಿಡಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಎತ್ತರವೆಂದರೆ ಅವರಿಗೆ ಆಗದು. ಬಲ್ಬು ಬದಲಾಯಿಸಬೇಕಾದರೆ ನನಗೆ ಫೋನ್ ಬರುತ್ತದೆ. ನಾನು ಸ್ಟೂಲ್ ಹತ್ತಿದರೆ ಅವರು ಕೆಳಗೆ ನಿಂತು ನನ್ನ ಕಾಲು ಹಿಡಿದುಕೊಂಡು "ಜೋಪಾನ, ಜೋಪಾನ" ಎನ್ನುತ್ತಿರುತ್ತಾರೆ. ಊರಿನವರು ಅವರಿಗೆ ಜೋಪಾನಪ್ಪ ಎಂದೇ ಹೆಸರಿಟ್ಟಿದ್ದರು.

ನನ್ನದು ಜೆರಾಕ್ಸ್ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಭಾವನ ಆಫೀಸು. ಇನ್ನೂ ಒಂದು ಮಹಡಿ ಮೇಲೆ ಗಾಳಿ ಬೆಳಕಿನ ಕೋಣೆ ಅದೇ ಬಾಡಿಗೆಗೆ ಸಿಗುತ್ತಿತ್ತು. ಕಿಟಕಿಯಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತದೆ ಎಂದು ಬೇಡವೆಂದರು. ಕಟ್ಟಡ ಪಶು ಆಹಾರದ ಗಿರಣಿಯ ಯಜಮಾನರದು. ಗಿರಣಿಯ ಆಡಿಟರೂ ಭಾವನೇ. ಹೀಗೆ ನಮ್ಮಿಬ್ಬರ ಅನ್ನವೂ ಒಬ್ಬ ಮನುಷ್ಯನ ನೆರಳಿನಲ್ಲೇ ಬೇಯುತ್ತಿತ್ತು. ಅವರು ಎಂದೂ ದನಿ ಎತ್ತಿ ಮಾತನಾಡಿದವರಲ್ಲ. ಬಾಡಿಗೆ ತಡವಾದರೆ "ಪರವಾಗಿಲ್ಲ, ನಿಧಾನ ಕೊಡಿ" ಎನ್ನುತ್ತಿದ್ದರು. ಆ ಮೆತ್ತನೆಯ ದನಿ ಕೇಳಿದರೆ ನನಗೆ ಬೈಗುಳ ಕೇಳಿದ್ದಕ್ಕಿಂತ ಹೆಚ್ಚು ಕಸಿವಿಸಿಯಾಗುತ್ತಿತ್ತು.

ಆಗಿನ ಕಾಲದಲ್ಲಿ ನಮ್ಮಲ್ಲಿ ಆಡಿಟ್ ಅಂದರೆ ಒಂದು ಬಗೆಯ ನೆಂಟಸ್ತಿಕೆ. ವರ್ಷಕ್ಕೊಮ್ಮೆ ಹೋಗುವುದು, ಚಹಾ ಕುಡಿಯುವುದು, ಮನೆಮಂದಿಯ ಆರೋಗ್ಯ ವಿಚಾರಿಸುವುದು, ಅವರು ತೋರಿಸಿದ್ದನ್ನು ನೋಡಿ ಸಹಿ ಹಾಕುವುದು. ತೋರಿಸದ್ದನ್ನು ನೋಡಲು ಹೋಗುವುದು ಮರ್ಯಾದಸ್ಥರ ಲಕ್ಷಣ ಅಲ್ಲ ಎಂದು ಎಲ್ಲರೂ ತಿಳಿದಿದ್ದರು. ವರ್ಷದ ಕೊನೆಗೆ ದಾಸ್ತಾನು ಎಣಿಸುವ ದಿನ ಗಿರಣಿಯ ಗೋದಾಮಿನ ಬಾಗಿಲಲ್ಲಿ ಭಾವನಿಗಾಗಿ ಒಂದು ಕುರ್ಚಿ ಹಾಕಿರುತ್ತಿದ್ದರು. ಒಳಗೆ ಚಾವಣಿಯವರೆಗೆ ಮೂಟೆಗಳ ಅಟ್ಟಿ. ಸೂಪರ್‌ವೈಸರ್ ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು ಎಂದು ಕೂಗುತ್ತಿದ್ದ. ಭಾವ ಕೂತಲ್ಲೇ ಗುಣಿಸಿ ಬರೆದುಕೊಳ್ಳುತ್ತಿದ್ದರು. ಗೋಡೆಗೆ ಒರಗಿಸಿದ್ದ ಏಣಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವರು ಹತ್ತುವವರಲ್ಲ ಎಂಬುದು ಗಿರಣಿಯ ಹಮಾಲಿಗಳಿಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಅಷ್ಟು ವರ್ಷ ಅವರನ್ನೇ ಆಡಿಟರ್ ಆಗಿ ಇಟ್ಟುಕೊಂಡದ್ದು ಅದಕ್ಕೇ ಇರಬೇಕು ಎಂದು ನನಗೆ ಈಗ ಹೊಳೆಯುತ್ತದೆ.

ಒಂದು ವರ್ಷ ಎಣಿಕೆ ಮುಗಿಸಿ ಬಂದವರು ಮೇಲೆ ಹೋಗದೆ ನನ್ನ ಅಂಗಡಿಯೊಳಗೆ ಬಂದು ಕೂತರು. ಮುಖ ಬಿಳಿಚಿಕೊಂಡಿತ್ತು. ನಾಯಿ ಅಟ್ಟಿಸಿಕೊಂಡು ಬಂತೇನೋ ಅಂದುಕೊಂಡೆ.

"ಗೋದಾಮಿನಲ್ಲಿ ಬೆಕ್ಕು ಮರಿ ಹಾಕಿದೆ ಕಣಯ್ಯಾ," ಅಂದರು.

"ಹಾಕಲಿ ಬಿಡಿ ಭಾವ. ಇಲಿ ಇರೋ ಕಡೆ ಬೆಕ್ಕು ಇರುತ್ತೆ."

"ಮರಿಗಳು ಕೂಗ್ತಾ ಇದ್ವು. ಅಟ್ಟಿಯ ಹಿಂದಿನಿಂದ ಅಲ್ಲ, ಪಕ್ಕದಿಂದ ಅಲ್ಲ. ಮಧ್ಯದಿಂದ. ಮೂಟೆ ಒತ್ತೊತ್ತಾಗಿ ಒಟ್ಟಿದ್ರೆ ಅಲ್ಲಿ ಬೆಕ್ಕಿಗೆ ಎಲ್ಲಿ ಜಾಗ?"

ಸೂಪರ್‌ವೈಸರನನ್ನು ಕೇಳಿದರಂತೆ. ಅವನು ನಕ್ಕು "ಸಂದಿಗೊಂದಿಯಲ್ಲಿ ಸೇರಿಕೊಂಡಿರುತ್ವೆ ಸರ್" ಎಂದನಂತೆ. ಭಾವ ಹೂಂ ಅಂದು ಬಂದರು. ಆದರೆ ಅವರಿಗೆ ಅರ್ಥವಾಗಿತ್ತು. ಸುತ್ತ ಮೂಟೆಗಳ ಗೋಡೆ, ಒಳಗೆ ಬರೀ ಟೊಳ್ಳು, ಮೇಲೆ ಹಲಗೆ ಹಾಸಿ ಅದನ್ನು ಮುಚ್ಚುವಷ್ಟು ಮೂಟೆ. ಗೋದಾಮು ತುಂಬಿದೆ ಎಂದು ಆಡಿಟರ್ ಸಹಿ ಹಾಕಿದರೆ ಅದನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ. ಇದು ಬರೀ ಅನುಮಾನ, ಕಣ್ಣಾರೆ ಕಂಡದ್ದಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಕಣ್ಣಾರೆ ಕಾಣಬೇಕಾದರೆ ಏಣಿ ಹತ್ತಬೇಕಿತ್ತು. ಆ ವರ್ಷವೂ ಸಹಿ ಹಾಕಿದರು, ಮುಂದಿನ ವರ್ಷಗಳಲ್ಲೂ ಹಾಕಿದರು.

ಆಮೇಲೆ ಹೊಸ ನಿಯಮಗಳು ಬಂದವು. ರಾಜಧಾನಿಯಲ್ಲಿ ಯಾವುದೋ ದೊಡ್ಡ ಬ್ಯಾಂಕು ಮುಳುಗಿತು. ಅದರ ಲೆಕ್ಕವೆಲ್ಲ ಸರಿಯಿದೆ ಎಂದು ಸಹಿ ಹಾಕಿದ್ದವರನ್ನು ಟಿವಿಯಲ್ಲಿ ತೋರಿಸಿದರು. ಹೊರದೇಶದವರು ಇನ್ನು ಮೇಲೆ ನಿಮ್ಮ ಲೆಕ್ಕ ನಂಬುವುದಿಲ್ಲ ಎಂದರಂತೆ. ಸರ್ಕಾರ ಒಂದು ಮಂಡಳಿ ಮಾಡಿತು. ಊರೂರಿನ ಆಡಿಟರುಗಳನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ ಪಾಠ ಹೇಳಿದರು. ತಲೆ ನರೆತ ಭಾವ ಮೀಸೆ ಮೂಡದವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಪರೀಕ್ಷೆ ಬರೆದು, ಪಾಸಾಗಿ ಬಂದರು. ಇನ್ನು ಮೇಲೆ ಆಡಿಟರ್ ತಾನೇ ಹೋಗಿ ನೋಡಬೇಕು. ಯಾರೋ ಹೇಳಿದ್ದು ನಡೆಯುವುದಿಲ್ಲ. ನೋಡಿದ್ದನ್ನು ಹೇಗೆ ನೋಡಿದೆ ಎಂದು ಬರೆದಿಡಬೇಕು. ಮತ್ತು ಒಬ್ಬನೇ ಆಡಿಟರ್ ಒಂದೇ ಕಂಪನಿಗೆ ಬಹಳ ವರ್ಷ ಇರುವಂತಿಲ್ಲ, ಬದಲಾಗಬೇಕು.

ಬೇರೆ ಆಡಿಟರುಗಳು ಮೂಗು ಮುರಿದರು. ಇಷ್ಟು ವರ್ಷದ ನಮ್ಮ ಮಾತಿಗೆ ಬೆಲೆ ಇಲ್ಲವೇ ಎಂದು ಹಾರಾಡಿದರು. ಭಾವ ಮಾತ್ರ ಒಳಗೊಳಗೇ ಹಿಗ್ಗಿದರು. ಗಿರಣಿ ತನ್ನ ಕೈ ಬಿಟ್ಟುಹೋಗುತ್ತದಲ್ಲ, ಅಷ್ಟೇ ಸಾಕು. ಆ ತಿಂಗಳು ಅವರ ಮೈಮೇಲೆ ಸ್ವಲ್ಪ ಮಾಂಸವೂ ಬಂದಿತ್ತು.

ಗಿರಣಿಯ ಹೊಸ ಆಡಿಟರ್ ಯಾರು ಎಂದು ಗೊತ್ತಾದ ದಿನ ಆ ಹಿಗ್ಗು ಇಳಿದುಹೋಯಿತು. ಗುಂಡುಸೂಜಿ. ಭಾವನ ಆಫೀಸಿನಲ್ಲೇ ಕೆಲಸ ಕಲಿತ ಹುಡುಗಿ. ಸಣಕಲು, ಚೂಪು, ಯಾವ ಕಾಗದವನ್ನೂ ಪಿನ್ ಚುಚ್ಚದೆ ಬಿಡುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಅಕ್ಕನಿಗೆ ಮಕ್ಕಳಿಲ್ಲ. ಅವಳು ಅಕ್ಕನನ್ನು ಅಮ್ಮ ಎನ್ನುತ್ತಿದ್ದಳು, ಮಧ್ಯಾಹ್ನದ ಊಟಕ್ಕೆ ಬಂದರೆ ಅಕ್ಕನಿಗೆ ಹಬ್ಬ. ಪರೀಕ್ಷೆ ಪಾಸು ಮಾಡಿ ತನ್ನದೇ ಬೋರ್ಡು ಹಾಕಿಕೊಂಡಾಗ ಭಾವ ನನ್ನ ಅಂಗಡಿಯಲ್ಲೇ ನಿಂತು ಅವಳ ವಿಸಿಟಿಂಗ್ ಕಾರ್ಡ್ ಮಾಡಿಸಿದ್ದರು. ಗಿರಣಿಯ ಯಜಮಾನರು ಜೋಪಾನಪ್ಪನ ಶಿಷ್ಯೆಯಲ್ಲವೇ, ಇವಳೂ ಕುರ್ಚಿಯಲ್ಲೇ ಕೂರುತ್ತಾಳೆ ಎಂದು ಲೆಕ್ಕ ಹಾಕಿರಬೇಕು.

ಆ ಕಸುಬಿನಲ್ಲಿ ಒಂದು ಕ್ರಮವಿದೆ. ಹೊಸಬರು ಕೆಲಸ ಒಪ್ಪಿಕೊಳ್ಳುವ ಮುಂಚೆ ಹಳಬರನ್ನು ಕೇಳಬೇಕು: ನಾನು ಒಪ್ಪಿಕೊಳ್ಳಲು ನಿಮ್ಮ ಅಭ್ಯಂತರ ಏನಾದರೂ ಇದೆಯೇ? ಹಳಬರು ಇಲ್ಲ ಎನ್ನಬೇಕು. ಇದೆ ಎಂದರೆ ಕಂಪನಿಗೆ ಅವಮಾನ, ಯಾಕೆ ಎಂದು ಹೇಳಿದರೆ ತನಗೇ ಅವಮಾನ. ಹಾಗಾಗಿ ಇದೆ ಎಂದವರನ್ನು ನಮ್ಮೂರು ಕಂಡಿರಲಿಲ್ಲ. ಗುಂಡುಸೂಜಿ ಒಂದು ಭಾನುವಾರ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಅಕ್ಕ ಅವಳ ತಟ್ಟೆಗೆ ಬೇಡ ಬೇಡ ಎಂದರೂ ಬಡಿಸುತ್ತಿದ್ದಳು.

"ಸರ್, ಕೇಳಲೇಬೇಕು, ನಿಯಮ," ಅಂದಳು ಕೈ ತೊಳೆದು ಬಂದು. "ನಿಮ್ಮ ಅಭ್ಯಂತರ ಏನಾದ್ರೂ?"

ಭಾವ ಅವಳ ಮುಖ ನೋಡಲಿಲ್ಲ. "ಏನೂ ಇಲ್ಲ ಮಗು."

"ಹೊಸ ನಿಯಮದಲ್ಲಿ ಈಗ ಹಳಬರು ಏನಾದ್ರೂ ಗೊತ್ತಿದ್ರೆ ಹೇಳ್ಲೇಬೇಕು ಅಂತಿದೆ."

"ಇಲ್ಲ ಅಂದ್ನಲ್ಲ."

ಅವಳು ನಕ್ಕಳು. "ನಂಗೊತ್ತಿತ್ತು ಬಿಡಿ. ಈ ಸಲ ಅಟ್ಟಿಯ ಮೇಲೇ ಹತ್ತಿ ಎಣಿಸ್ತೀನಿ. ಈ ತುದಿಯಿಂದ ಆ ತುದಿಗೆ ನಡೆದು, ಮಧ್ಯೆ ಮಧ್ಯೆ ಮೂಟೆ ಎತ್ತಿಸಿ ನೋಡ್ತೀನಿ. ನೀವು ಹತ್ತದೇ ಇರೋದನ್ನೆಲ್ಲ ಸೇರಿಸಿ ನಾನೇ ಹತ್ತಿಬಿಡ್ತೀನಿ ಸರ್."

ಅಕ್ಕನೂ ನಕ್ಕಳು. ಭಾವ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ನನಗೆ ನೆನಪಾದದ್ದು ಆ ಟೊಳ್ಳು. ಹಳೆಯ ಹಲಗೆಗಳು ಹಾಕಿದಾಗಿನಿಂದ ಭಾರ ಹೊತ್ತು ಹೊತ್ತು ಹೇಗಾಗಿವೆಯೋ. ಅವಳೆಷ್ಟೇ ಸಣಕಲಾಗಿರಲಿ, ಆಳು ಆಳೇ. ಅಲ್ಲಿಂದ ಬಿದ್ದರೆ ಕೆಳಗೆ ಸಿಮೆಂಟಿನ ನೆಲ, ಮೇಲಿಂದ ಅವಳ ಮೇಲೇ ಕುಸಿಯುವ ಮೂಟೆಗಳು. ಕೂಗಿದರೂ ಹೊರಗೆ ಕೇಳಿಸುವಷ್ಟರಲ್ಲಿ ಉಸಿರು ನಿಂತಿರುತ್ತದೆ.

ಅವಳು ಹೋದ ಮೇಲೆ "ಹೇಳಿಬಿಡಿ ಭಾವ" ಎಂದೆ.

"ಏನು ಅಂತ ಹೇಳ್ಲಿ? ಗೊತ್ತಿದ್ದೂ ಸಹಿ ಹಾಕ್ದೆ ಅಂತಾನಾ? ಈಗ ಜೈಲಿಗೇ ಹಾಕ್ತಾರಯ್ಯಾ. ನಿಮ್ಮಕ್ಕನ ಗತಿ?" ಎಂದವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ನೋಡಿ ಬಂದರು. ಹಗಲು ಹೊತ್ತು, ಚಿಲಕ ಯಾಕೆ ಬೇಕಿತ್ತೋ.

ಎಣಿಕೆಗೆ ಇನ್ನು ಸ್ವಲ್ಪ ದಿನ ಇದ್ದಾಗ ಯಜಮಾನರು ಅಂಗಡಿಗೆ ಬಂದರು. ನಾನು ಕುರ್ಚಿ ಒರೆಸಿ ಕೊಟ್ಟೆ. ಭಾವನನ್ನು ಕೆಳಗೆ ಕರೆಸಿದರು. ನನ್ನ ಮಷೀನು ಕಾಗದ ಉಗುಳುತ್ತಿದ್ದ ಸದ್ದಿನ ನಡುವೆಯೇ ಅವರ ಮೆತ್ತನೆಯ ಮಾತು ಒಂದೂ ಬಿಡದೆ ಕಿವಿಗೆ ಬಿತ್ತು.

"ನಿಮ್ಮ ಹುಡುಗಿ ಮೇಲೆ ಹತ್ತುತೀನಿ ಅಂತಿದೆ. ಒಳ್ಳೇ ಹುಡುಗಿ. ಮಧ್ಯದ ಕಡೆ ಹೋಗದಿದ್ರೆ ಒಳ್ಳೇದಿತ್ತು. ಮೂಟೆ ಸಡಿಲ ಇರ್ತಾವೆ. ನೀವೊಂದು ಮಾತು ಹೇಳಿ, ಗುರುಗಳಲ್ವಾ. ಹೇಳಿದ ಮೇಲೂ ಹತ್ತಿದ್ರೆ ನಾವೇನು ಮಾಡೋಕಾಗುತ್ತೆ."

ಹೋಗುವಾಗ ಅಂಗಡಿಯ ಗೋಡೆಯನ್ನು ಒಮ್ಮೆ ತಟ್ಟಿ, "ಬಣ್ಣ ಹೊಡೆಸಬೇಕು ಇದಕ್ಕೆ" ಎಂದರು. ಗೋಡೆ ಅವರದೇ ಎಂದು ಅದಕ್ಕಿಂತ ಚೆನ್ನಾಗಿ ಹೇಳಲಾಗದು.

ಅವರ ಕಾರು ಹೋದ ಮೇಲೂ ಭಾವ ನಿಂತಲ್ಲೇ ನಿಂತಿದ್ದರು. ಇಷ್ಟು ದಿನ ಅನುಮಾನ ಎಂಬ ಒಂದು ಮರೆಯಾದರೂ ಇತ್ತು, ಈಗ ಅದೂ ಹೋಗಿತ್ತು. ಆದರೆ ಯಜಮಾನರ ಮಾತಿನಲ್ಲಿ ಒಂದು ದಾರಿಯೂ ಇದೆ ಎಂದು ಅವರಿಗೆ ತೋರಿತು. ಹತ್ತಬೇಡ ಎಂದು ಹೇಳಿದರೆ ಆಯಿತಲ್ಲ. ಹುಡುಗಿಯ ಜೀವ ಉಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ. ಭಾವ ಅಲ್ಲಿಂದಲೇ ಫೋನ್ ಮಾಡಿದರು, ಸ್ಪೀಕರ್ ಹಾಕಿ, ಧೈರ್ಯಕ್ಕೆ ನಾನು ಪಕ್ಕದಲ್ಲಿರಲಿ ಎಂದು.

"ಮಗು, ಆ ಅಟ್ಟಿ ಹತ್ತಬೇಡ."

"ಯಾಕೆ ಸರ್?"

"ಅಪಾಯ. ಬಿದ್ದುಬಿಡ್ತೀಯ."

ಆ ಕಡೆಯಿಂದ ನಗು. "ಸರ್, ನೀವು ನನಗೆ ಮೆಟ್ಟಿಲು ಹತ್ತುವಾಗಲೂ ಹಾಗೇ ಹೇಳ್ತಿದ್ರಿ. ಸೈಕಲ್ ಬೇಡ ಅಂದ್ರಿ, ಲಿಫ್ಟ್ ಬೇಡ ಅಂದ್ರಿ, ಬಿಸಿ ಚಹಾ ಬೇಡ ಅಂದ್ರಿ."

"ಇದು ಹಾಗಲ್ಲ."

"ಮತ್ತೆ ಹೇಗೆ, ಹೇಳಿ."

ಭಾವ "ಜೋಪಾನ ಮಗು" ಅಂದರು, ಅಷ್ಟೇ. ಅವಳು "ಜೋಪಾನವಾಗೇ ಹತ್ತುತೀನಿ ಸರ್, ಅಮ್ಮನಿಗೆ ಹೇಳಿ ಊಟಕ್ಕೆ ಬರ್ತೀನಿ ಅಂತ" ಎಂದು ಇಟ್ಟುಬಿಟ್ಟಳು. ಭಾವ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತರು. ಜೀವಮಾನವಿಡೀ ಇಲ್ಲದ್ದಕ್ಕೆಲ್ಲ ಹೆದರಿದ ಮನುಷ್ಯ ಈಗ ಇರುವ ಭಯ ಹೇಳಿದರೆ ಕೇಳುವವರು ಯಾರು? ಅವಳನ್ನು ನಂಬಿಸಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮುಗಿಯಿತು. ಭಾವನನ್ನು ಅಷ್ಟು ವರ್ಷ ಛೇಡಿಸಿದವರಲ್ಲಿ ನಾನೂ ಒಬ್ಬ, ಅವತ್ತು ಮಾತ್ರ ನನಗೆ ಒಂದು ಹಾಸ್ಯವೂ ಹೊಳೆಯಲಿಲ್ಲ.

ಎಣಿಕೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಭಾವ ಬಂದು ನನ್ನ ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದರು. ಸ್ಕೂಟರೆಂದರೆ ಮಾರು ದೂರ ಹಾರುವವರು. "ಗಿರಣಿಗೆ ಬಿಡು" ಅಂದರು. ದಾರಿಯುದ್ದಕ್ಕೂ ನನ್ನ ಅಂಗಿಯನ್ನು ಹಿಡಿದ ಹಿಡಿತಕ್ಕೆ ಗುಂಡಿ ಕಿತ್ತುಬಂತು. ಮುಖ್ಯರಸ್ತೆಯಲ್ಲಿ ಲಾರಿಗಳು ಅಡ್ಡ ನಿಂತಿದ್ದವು. ಭಾವ ನನ್ನ ಬೆನ್ನಿಗೆ ಗುದ್ದುತ್ತಾ "ನುಗ್ಗು, ನುಗ್ಗಯ್ಯಾ" ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು, ಕೇಳಿ ನನಗೆ ಇನ್ನಷ್ಟು ಭಯವಾಯಿತು.

ನಾವು ಗೋದಾಮಿನ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಮೇಲಿದ್ದಳು. ಒಳಗೆ ಹಿಟ್ಟಿನ ದೂಳು, ಹಿಂಡಿಯ ವಾಸನೆ, ತಗಡಿನ ಚಾವಣಿಯ ಕೆಳಗೆ ಅರೆಗತ್ತಲು. ಚಾವಣಿಗೂ ಅಟ್ಟಿಗೂ ನಡುವಿನ ಇಕ್ಕಟ್ಟಿನಲ್ಲಿ ಬಗ್ಗಿಕೊಂಡು, ಟಾರ್ಚ್ ಹಿಡಿದು, ಅಂಚಿನ ಸಾಲು ಎಣಿಸುತ್ತಿದ್ದಳು. ಕೆಳಗೆ ಯಜಮಾನರು ಕೈ ಕಟ್ಟಿ ನಿಂತಿದ್ದರು. ಭಾವನನ್ನು ಕಂಡು ಸೂಪರ್‌ವೈಸರ್ ಕುರ್ಚಿ ತಂದ, ಅಭ್ಯಾಸಬಲ. ಹಮಾಲಿಗಳು ಗೋಡೆಗೆ ಒರಗಿ ನಿಂತು ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ಒಟ್ಟಿದವರು ಅವರೇ ತಾನೇ.

ಟಾರ್ಚಿನ ಬೆಳಕು ಅಂಚಿನಿಂದ ಒಳಕ್ಕೆ ತಿರುಗಿತು.

"ಮಗು, ಮಧ್ಯಕ್ಕೆ ಹೋಗಬೇಡ," ಭಾವ ಕೂಗಿದರು. ದನಿ ಸೀಳಿಹೋಗಿತ್ತು.

"ಸರ್? ನೀವು ಬಂದ್ರಾ?" ಅವಳ ನಗು ತಗಡಿಗೆ ತಾಗಿ ಕೆಳಗಿಳಿಯಿತು. "ಭಯ ಪಡಬೇಡಿ, ಇಲ್ಲಿ ಗಟ್ಟಿ ಇದೆ."

ಹೆಜ್ಜೆಯ ಸದ್ದು ಕೇಳಿಸಿತು. ಅದರ ಹಿಂದೆಯೇ ಮರ ಕಿರುಗುಟ್ಟಿದ ಸದ್ದು. ಯಜಮಾನರು ಭಾವನ ಕಡೆಗೆ ತಿರುಗಿ, ತುಟಿಯ ಮೇಲೆ ಬೆರಳಿಡಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ, ಸುಮ್ಮನೆ ನೋಡಿದರು.

"ಕೆಳಗೆ ಟೊಳ್ಳು," ಭಾವ ಅಂದರು. ಮೊದಲು ಮೆಲ್ಲಗೆ, ಆಮೇಲೆ ಗಂಟಲು ಹರಿಯುವಂತೆ. "ಟೊಳ್ಳಿದೆ ಮಗು, ನಿಂತುಬಿಡು. ನನಗೆ ಗೊತ್ತು. ಗೊತ್ತಿದ್ದೂ ಸಹಿ ಹಾಕಿದೀನಿ. ನಾನು ಪುಕ್ಕಲ ಅಂತ ಹೇಳ್ತಿಲ್ಲ, ಗೊತ್ತು ಅಂತ ಹೇಳ್ತಿದೀನಿ."

ಸದ್ದು ನಿಂತಿತು. ಅವಳು ಮೆಲ್ಲಗೆ ಮೂಟೆಗಳ ಮೇಲೆ ಬೋರಲಾಗಿ ಮಲಗಿ, ತೆವಳಿಕೊಂಡು ಹಿಂದೆ ಸರಿದಳು. ಅಂಚಿಗೆ ಬಂದ ಮೇಲೆ ಒಂದು ಬಿದಿರ ಗಳು ಕೊಡಿ ಎಂದಳು. ಹಮಾಲಿಯೊಬ್ಬ ಯಜಮಾನರನ್ನು ನೋಡದೆ ಕೊಟ್ಟ. ಅವಳು ಅಲ್ಲಿಂದಲೇ ಗಳುವಿನಿಂದ ಮುಂದಿನ ಮೂಟೆಯನ್ನು ಮೀಟಿ ಮೀಟಿ ಹಲಗೆಯ ಮೇಲಕ್ಕೆ ಉರುಳಿಸಿದಳು. ಹಲಗೆ ಲಟಕ್ಕೆಂದಿತು. ಮೂಟೆ ಕಣ್ಣಿಂದ ಮರೆಯಾಯಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು, ಸುತ್ತಲಿನವೆಲ್ಲ ದಡದಡ ಒಳಕ್ಕೆ ಕುಸಿದವು. ಮೂಟೆಗಳ ಗೋಡೆಯೊಳಗಿನಿಂದ ಬಂದ ಸದ್ದಿಗೆ ನಮ್ಮ ಕಾಲ ಕೆಳಗಿನ ನೆಲ ಅದುರಿತು. ದೂಳು ಎದ್ದು ಚಾವಣಿಯನ್ನೇ ಮುಚ್ಚಿತು. ಆ ದೂಳಿನಲ್ಲಿ ಅವಳು ಇದ್ದಾಳೋ ಇಲ್ಲವೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಭಾವ ಏಣಿಯ ಕೆಳಗಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತುಬಿಟ್ಟಿದ್ದರು.

ಅವಳು ಇಳಿದು ಬಂದಳು. ಮೈಯೆಲ್ಲ ಹಿಟ್ಟು. ಕೈ ಒರೆಸಿಕೊಂಡು ಪೆನ್ನು ತೆಗೆದಳು.

"ಈಗ ಹೇಳಿದ್ದನ್ನ ನಾನು ಬರೀಬೇಕಾಗುತ್ತೆ ಸರ್."

"ಬರಿ."

"ಯಾವಾಗಿಂದ ಗೊತ್ತಿತ್ತು?"

ಅಲ್ಲೂ ಒಂದು ದಾರಿಯಿತ್ತು. ಮೊನ್ನೆ ಅನುಮಾನ ಬಂತು ಎನ್ನಬಹುದಿತ್ತು, ಅವಳು ಅಷ್ಟನ್ನೇ ಬರೆದುಕೊಳ್ಳುತ್ತಿದ್ದಳು. ಅವಳ ಮುಖ ನೋಡಿದರೆ ಅಷ್ಟೇ ಹೇಳಲಿ ಎಂದು ಕಾಯುತ್ತಿದ್ದಂತಿತ್ತು. ಭಾವ ವರ್ಷ ಹೇಳಿದರು, ಬೆಕ್ಕಿನ ಮರಿ ಕೂಗಿದ ವರ್ಷ.

ಅವಳ ಪೆನ್ನು ನಿಂತಿತು. "ಆ ವರ್ಷ ನಾನೂ ನಿಮ್ಮ ಜೊತೆ ಬಂದಿದ್ದೆ. ಎಣಿಕೆ ಮಧ್ಯದಲ್ಲೇ ನನ್ನ ಹೊರಗೆ ಕಳಿಸಿದ್ರಿ, ಲಾರಿ ಎಣಿಸು ಅಂತ. ದೂಳಿಗೆ ನನಗೆ ಕೆಮ್ಮು ಬರುತ್ತೆ ಅಂತ ಕಳಿಸಿದ್ರಿ ಅಂದ್ಕೊಂಡಿದ್ದೆ ಸರ್. ಮನೇಲೂ ಹಾಗೇ ಹೇಳಿದ್ದೆ."

"ನೀನು ಕೇಳಿಸ್ಕೋಬಾರದು ಅಂತ ಕಳಿಸ್ದೆ," ಅಂದರು ಭಾವ.

ಅವಳು ಅದನ್ನೂ ಬರೆದುಕೊಂಡಳು. ಒಂದು ಅಕ್ಷರವನ್ನೂ ಬಿಡಲಿಲ್ಲ. ಬಿಡಬಾರದು ಎಂದು ಅವಳಿಗೆ ಕಲಿಸಿದವರೇ ಎದುರಿಗಿದ್ದರು. ಬರೆದು, ಓದಿ ಹೇಳಿ, ಭಾವನ ಸಹಿ ತೆಗೆದುಕೊಂಡು, ಬ್ಯಾಗು ಹೆಗಲಿಗೇರಿಸಿ ಹೊರಟಳು. ಅಕ್ಕ ಮನೆಯಲ್ಲಿ ಮೂವರಿಗೆ ಅಡುಗೆ ಮಾಡಿ ಕಾಯುತ್ತಿದ್ದಳು.

ಆಮೇಲಿನದು ಹೇಳಲು ಹೆಚ್ಚಿಲ್ಲ. ಗಿರಣಿಗೆ ಬ್ಯಾಂಕು ಬೀಗ ಹಾಕಿತು. ಕೇಸು ನಡೆಯುತ್ತಲೇ ಇದೆ. ಭಾವನ ಹೆಸರನ್ನು ಆಡಿಟರುಗಳ ಪಟ್ಟಿಯಿಂದ ತೆಗೆದುಹಾಕಿದರು. ತಾನಾಗಿ ಹೇಳಿದ್ದಕ್ಕೆ ಜೈಲು ತಪ್ಪೀತು ಎಂದು ವಕೀಲರು ಹೇಳುತ್ತಾರೆ, ಆದರೂ ಗೇಟಿನ ಸದ್ದಾದರೆ ಭಾವ ಒಳಕೋಣೆಗೆ ಹೋಗುತ್ತಾರೆ. ಒಂದು ಸಂಜೆ ಕೆಲಸ ಹೋದ ಹಮಾಲಿಗಳು ಮನೆಯ ಮುಂದೆ ಬಂದು ನಿಂತರು. ಬೈಯಲಿಲ್ಲ, ಕಲ್ಲೆಸೆಯಲಿಲ್ಲ, ಬಹಳ ಹೊತ್ತು ನಿಂತಿದ್ದು ಹೋದರು. ನನ್ನ ಅಂಗಡಿಯನ್ನು ಬಸ್ ನಿಲ್ದಾಣದ ಎದುರಿಗೆ ಬದಲಾಯಿಸಿದೆ.

ಗುಂಡುಸೂಜಿ ಅಂದಿನಿಂದ ಮನೆಗೆ ಬಂದಿಲ್ಲ. ಕೇಸು ನಡೆಯುವಾಗ ಬರಬಾರದು, ನಿಯಮ ಎಂದು ಅಕ್ಕನಿಗೆ ನಾನು ಹೇಳಿದ್ದೇನೆ. ಅಕ್ಕ ನಂಬಿದಂತೆ ಮಾಡುತ್ತಾಳೆ.

ಭಾವ ಈಗ ಸಂಜೆ ಹೊತ್ತು ನನ್ನ ಅಂಗಡಿಗೆ ಬಂದು, ಹೊರಗಿನವರಿಗೆ ಕಾಣದಂತೆ ಮಷೀನಿನ ಹಿಂದೆ ಕೂರುತ್ತಾರೆ. ಕೆಲಸ ಮುಗಿಸಿದ ಗುಂಡುಸೂಜಿ ಅದೇ ಹೊತ್ತಿಗೆ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ಬಂದು, ರಸ್ತೆ ದಾಟಿ ಬಸ್ಸಿಗೆ ಹೋಗುತ್ತಾಳೆ. ಭಾವ ಇಲ್ಲಿ ಕೂರುತ್ತಾರೆ ಎಂದು ಅವಳಿಗೆ ಗೊತ್ತು. ಈ ಕಡೆಗೆ ತಿರುಗುವುದಿಲ್ಲ.

"ಮಾತಾಡಿಸ್ಲಾ ಭಾವ?" ಎಂದು ನಿನ್ನೆಯೂ ಕೇಳಿದೆ.

"ಬೇಡ," ಅಂದರು. "ನಡ್ಕೊಂಡು ಹೋಗ್ತಿದ್ದಾಳಲ್ಲ, ಸಾಕು." ಅವಳು ರಸ್ತೆಗೆ ಇಳಿದಳು. ಭಾವ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು, ಅವಳು ಆಚೆ ಬದಿ ಸೇರುವವರೆಗೂ ಬಿಡಲಿಲ್ಲ.